ಬಜಗೋಳಿಯಿಂದ ಕಾಪುವಿಗೆ ಮೂರು ಬ್ಯಾಟರಿ

ಮದುವೆಗಳಲ್ಲಿ ಡ್ರೋನ್ ಹಾರಿಸುವುದು ನನ್ನ ಕೆಲಸ. ಆಕಾಶ ನೋಡುತ್ತಾ ನಿಂತು, ಡ್ರೋನಿಗೆ ಎರಗಲು ಹದ್ದು ಬಂದರೆ ಕೂಗುವುದು ನನ್ನ ಹೆಂಡತಿಯ ಕೆಲಸ. ಸಂಬಳಕ್ಕೆ ಬಂದವರು ಯಾರೂ ನನ್ನ ಬೈಗುಳ ತಡೆದುಕೊಳ್ಳಲಿಲ್ಲ. ಅವಳು ತಡೆದುಕೊಳ್ಳುತ್ತಿದ್ದಳು.

ಆ ದಿನ ಬೆಳಿಗ್ಗೆ ಬಜಗೋಳಿಯಲ್ಲಿ ಮದುವೆ, ಸಂಜೆ ಕಾಪುವಿನ ದೀಪಸ್ತಂಭದ ಹತ್ತಿರ ಇನ್ನೊಂದು ಜೋಡಿಯ ಶೂಟಿಂಗ್. ಮದುವೆಯಲ್ಲೇ ಮೂರೂ ಬ್ಯಾಟರಿ ಖಾಲಿಯಾದವು, ಅಲ್ಲಿ ಚಾರ್ಜ್ ಮಾಡಲು ಪುರುಸೊತ್ತು ಸಿಗಲಿಲ್ಲ. ಸೂರ್ಯ ಮುಳುಗುವ ಮೊದಲು ಎರಡಾದರೂ ತುಂಬಬೇಕಿತ್ತು. ಕಾರಿನ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿ ಹೊರಟೆ.

ಅತ್ತೆ ಮಣಿಪಾಲದಲ್ಲಿ ಆಸ್ಪತ್ರೆಯಲ್ಲಿದ್ದರು. ಹತ್ತಿರ ಇದ್ದದ್ದು ಹೆಂಡತಿಯ ಅಣ್ಣ. ಕಾಪುವಿನ ಕೆಲಸ ಮುಗಿಸಿಯೇ ಅಲ್ಲಿಗೆ ಹೋಗುವುದೆಂದು ನಾನು ತೀರ್ಮಾನಿಸಿದ್ದೆ. ಅಣ್ಣನಿಗೆ ಮತ್ತೆ ಮತ್ತೆ ಫೋನ್ ಮಾಡಿ ಚಾರ್ಜ್ ಮುಗಿದು, ಮಿಯಾರು ದಾಟುವಾಗ ಅವಳ ಮೊಬೈಲ್ ಆಫ್ ಆಯಿತು.

"ನೋಡಿ, ಚಾರ್ಜರಿನಲ್ಲಿ ಇನ್ನೊಂದು ತೂತು ಉಂಟಲ್ವಾ? ಐದು ನಿಮಿಷ ಹಾಕಲಾ?"

ಇತ್ತು. ಫೋನಿಗೆಂದೇ ಇದ್ದ ತೂತು. ಅದಕ್ಕೂ ಹಾಕಿದರೆ ಬ್ಯಾಟರಿ ತುಂಬುವುದು ನಿಧಾನವಾಗುತ್ತದೆ.

"ಬೇಡ. ನೀನು ಮಾತಾಡಿದರೆ ನಿನ್ನ ಅಮ್ಮ ಎದ್ದು ಕೂತ್ಕೊಳ್ತಾರಾ?"

"ನಿಮ್ಮ ಫೋನಾದರೂ ಕೊಡಿ."

ನನ್ನ ಫೋನ್ ಡ್ರೋನಿನ ರಿಮೋಟಿಗೆ ಸಿಕ್ಕಿಸುವಂಥದ್ದು. ಹಾರಿಸುವಾಗ ಕರೆ ಬರಬಾರದೆಂದು ಬೆಳಿಗ್ಗೆಯೇ ಫ್ಲೈಟ್ ಮೋಡಿಗೆ ಹಾಕಿದ್ದೆ. ತೆಗೆಯಲು ಒಂದು ಬೆರಳು ಸಾಕು.

"ಅದರಲ್ಲೂ ಚಾರ್ಜ್ ಇಲ್ಲ ಮಾರಾಯ್ತಿ, ಸುಮ್ಮನೆ ಕೂತ್ಕೊ," ಎಂದೆ. ಸುಳ್ಳು. ಅಷ್ಟು ಮೆತ್ತಗೆ ಕೇಳುವವರನ್ನು ಕಂಡರೆ ನನಗೆ ಇನ್ನೂ ಸ್ವಲ್ಪ ನೋಯಿಸಬೇಕೆನಿಸುತ್ತದೆ.

ಕಾರ್ಕಳದಿಂದ ಮಣಿಪಾಲಕ್ಕೆ ಒಂದು ದಾರಿ, ಕಾಪುವಿಗೆ ಇನ್ನೊಂದು. ನಾವು ಕಾರ್ಕಳ ಬಿಟ್ಟಾಗ ಮೂರೂವರೆ. ಅವಳು ಮಣಿಪಾಲದ ದಾರಿಯನ್ನೇ ತಿರುಗಿ ನೋಡಿದಳು. ನಾನು ಬ್ಯಾಟರಿಯ ದೀಪ ನೋಡಿದೆ. ನಾಲ್ಕರಲ್ಲಿ ಎರಡು ಹೊತ್ತಿದ್ದವು.

ಕಾಪುವಿನಲ್ಲಿ ಬೆಳಕು ಚೆನ್ನಾಗಿತ್ತು. ಗಿರಾಕಿಗಳ ಎದುರು ಮನೆಯ ಗೋಳು ತೆಗೆಯಬಾರದೆಂದು ಮೊದಲೇ ಗದರಿಸಿದ್ದೆ. ಅವಳು ಆಕಾಶ ನೋಡುತ್ತಾ ನಿಂತಳು. ಎರಡು ಸಲ ಹದ್ದು ಬಂತು, ಎರಡು ಸಲವೂ ಕೂಗಿದಳು. ಎಲ್ಲ ಮುಗಿದ ಮೇಲೆ ಆ ಜೋಡಿಯ ಹುಡುಗಿಯ ಫೋನ್ ಕೇಳಿ ಪಡೆದು ಅಣ್ಣನಿಗೆ ಕರೆ ಮಾಡಿದಳು. ಅಮ್ಮ ಐದು ಗಂಟೆಗೆ ಹೋಗಿದ್ದರು.

ಆಸ್ಪತ್ರೆಯ ಬಾಗಿಲಲ್ಲೇ ಅಣ್ಣ ಅವಳನ್ನು ಹಿಡಿದ. "ಫೋನ್ ಎಂತಕ್ಕೆ ಆಫ್ ಮಾಡಿದ್ದು?"

ಈಗ ಹೇಳುತ್ತಾಳೆ ಎಂದು ನಾನು ಕಾದೆ.

"ಚಾರ್ಜ್ ಮಾಡ್ಲಿಕ್ಕೆ ಮರೆತೆ ಅಣ್ಣ."

"ಮರೆತದ್ದಾ? ನಿನ್ನ ಸ್ವರವಾದರೂ ಕೇಳಲಿ ಅಂತ ಸ್ಪೀಕರ್ ಹಾಕಿ ಅಮ್ಮನ ಕಿವಿಗೆ ಹಿಡಿದೆ. ಸ್ವಿಚ್ ಆಫ್ ಅಂತ ಹೇಳುವ ಆ ಹೆಂಗಸಿನ ಸ್ವರ ಬಂತು. ಅಮ್ಮ ಅದು ನೀನೇ ಅಂತ 'ಊಟ ಆಯ್ತಾ ಮಗಾ' ಅಂತ ಕೇಳಿದ್ರು. ಮತ್ತೆ ಮಾತಾಡಲಿಲ್ಲ."

ನನಗೆ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಅಂದಿನಿಂದ ಅಣ್ಣ ತಂಗಿಯ ಹತ್ತಿರ ಮಾತಾಡುವುದಿಲ್ಲ. ನಾನು ಹೋದರೆ ಎದ್ದು ಕುರ್ಚಿ ಎಳೆದು, "ಬನ್ನಿ ಭಾವ, ಕೂತ್ಕೊಳ್ಳಿ" ಎನ್ನುತ್ತಾನೆ. ಕುಳಿತುಕೊಳ್ಳುತ್ತೇನೆ.