ಹೆಪ್ಪಿನ ಡಬ್ಬಿ

ಗೋಕಾಕದ ಒಂದು ರಕ್ತನಿಧಿಯಲ್ಲಿ ಸುವರ್ಣಾ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಸುತ್ತಲಿನ ರಕ್ತದಾನಿಗಳ ಹೆಸರು, ರಕ್ತದ ಗುಂಪು, ಫೋನ್ ನಂಬರು ಎಲ್ಲವೂ ಅಲ್ಲಿಯ ಸರ್ವರಿನ ಹೊಟ್ಟೆಯಲ್ಲಿ. ಬೆಳಗ್ಗೆ ಬಂದವಳು ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ, ನಿನ್ನೆಯ ಬ್ಯಾಕಪ್ ಮುಗಿದಿದೆಯೋ ಇಲ್ಲವೋ ನೋಡದೆ ಚಹಾ ಮುಟ್ಟುವುದಿಲ್ಲ. "ಮುಗೀತು ಅಂತ ಬರದೈತಲ್ಲ, ಬಿಡ್ರಿ ಅಕ್ಕಾರ" ಎಂದು ಯಾರಾದರೂ ಅಂದರೆ ಸಿಡುಕುತ್ತಾಳೆ. ಬರೆದದ್ದನ್ನೆಲ್ಲ ನಂಬುವ ಪೈಕಿಯೇ ಅಲ್ಲ ಅವಳು! ಪ್ರತಿ ಶನಿವಾರ ಇನ್ನೊಂದು ಡಿಸ್ಕಿಗೆ ನಕಲು ತೆಗೆದು, ಅದನ್ನು ಹಳೆಯ ಕಂಪ್ಯೂಟರಿಗೆ ಇಳಿಸಿ, ನಾಲ್ಕು ಹೆಸರು ಹುಡುಕಿ ನೋಡುತ್ತಾಳೆ. ಆಮೇಲೆ ಆ ಡಿಸ್ಕನ್ನು ಸ್ಟೀಲ್ ಡಬ್ಬಿಗೆ ಹಾಕಿ ತವರೂರು ಕಣಗಲಾಕ್ಕೆ ಒಯ್ಯುತ್ತಾಳೆ.

ಮೊದಲ ಸಲ ಒಯ್ದಾಗ ಅವ್ವ ಹಣಮವ್ವ, "ಇದೇನವಾ ಇದು?" ಎಂದು ಕೇಳಿದ್ದಳು.

"ಹೆಪ್ಪು ಅಂತ ತಿಳಕೋ ಯವ್ವಾ. ನಮ್ಮ ಮೊಸರು ಕೆಟ್ಟರ ಬಾಜೂ ಮನ್ಯಾಗಿಂದ ಹೆಪ್ಪು ಇಸಕೊಂಡ ಬರತೀವಲ್ಲ, ಹಂಗ."

ಈ ಸಲ ದಸರೆಯ ಖಂಡೇ ಪೂಜೆಯ ಬೆಳಗ್ಗೆ ಎಡವಟ್ಟಾಯಿತು, ಅದೂ ಇಷ್ಟು ಹುಷಾರಿನ ಸುವರ್ಣಾಳ ಕೈಯಿಂದಲೇ. ಆಯುಧ ಎಂದಮೇಲೆ ಒಂದನ್ನು ಪೂಜಿಸಿ ಒಂದನ್ನು ಬಿಡುವುದುಂಟೇ? ಕಪಾಟಿನಲ್ಲಿ ಬೇರೆ ಇರಬೇಕಾದ ದಿನನಿತ್ಯದ ಬ್ಯಾಕಪ್ ಡಿಸ್ಕನ್ನೂ ತಂದು ಸರ್ವರಿನ ತಲೆಯ ಮೇಲಿಟ್ಟಳು. ಅದರ ದೀಪ ಮಿನುಗಲೆಂದು ವೈರನ್ನೂ ಚುಚ್ಚಿದಳು. ಚೆಂಡುಹೂವಿನ ಮಾಲೆ ಹಾಕಿದ್ದೂ ಆಯಿತು. ಸಿಪಾಯಿ ರಾಯಪ್ಪ ಭಕ್ತಿಯಿಂದ ಕಾಯಿ ಒಡೆದ. ಎಂಥ ಕಾಯಿಯೋ ಏನೋ, ತಂಬಿಗೆಯಷ್ಟು ನೀರು! ಡಿಸ್ಕನ್ನು ತೋಯಿಸಿ, ಗಾಳಿಯಾಡುವ ಜಾಳಿಗೆಯಿಂದ ಸರ್ವರಿನೊಳಕ್ಕೂ ಇಳಿಯಿತು. ಟಪ್ ಎಂದು ಸದ್ದಾಗಿ ಎರಡೂ ತಣ್ಣಗಾದವು.

ಅರ್ಧ ತಾಸಿಗೆ ಮೂಡಲಗಿಯ ಆಸ್ಪತ್ರೆಯಿಂದ ಫೋನ್ ಬಂತು. ನೇತ್ರಾ ಎಂಬ ಬಾಣಂತಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ರಕ್ತನಿಧಿಯಲ್ಲಿದ್ದದ್ದು ಒಂದೇ ಬಾಟಲಿ. ಅದನ್ನು ಕಳಿಸಿದರು. ಸಂಜೆಯೊಳಗೆ ಇನ್ನೆರಡು ಬೇಕೇ ಬೇಕಂತೆ. ಕೊಡುವ ಜನ ಇದ್ದಾರೆ, ಆದರೆ ಅವರ ನಂಬರು ಸತ್ತ ಯಂತ್ರದೊಳಗಿದೆ. ಕೂಸು ಹಡೆದ ಹೆಣ್ಣುಮಗಳ ಜೀವ ನನ್ನ ಪೂಜೆಯಿಂದ ಹೋಗುತ್ತದಲ್ಲ ಎಂದು ಸುವರ್ಣಾ ಅತ್ತೇಬಿಟ್ಟಳು.

ಆಗ ಡಬ್ಬಿ ನೆನಪಾಯಿತು. ಜೊತೆಗೇ ಇನ್ನೊಂದೂ ನೆನಪಾಯಿತು. ತವರಿನಲ್ಲೂ ಇವತ್ತು ಕುಡುಗೋಲು, ಕೊಡಲಿ, ತಮ್ಮ ಪ್ರಭುವಿನ ಮೋಟರ್‌ಸೈಕಲ್ಲು, ಎಲ್ಲಕ್ಕೂ ನೀರು, ವಿಭೂತಿ ಬೀಳುವ ದಿನ. ಕೂಡಲೇ ಅವ್ವನಿಗೆ ಫೋನ್ ಹಚ್ಚಿದಳು.

"ಯವ್ವಾ, ಆ ಡಬ್ಬಿನೂ ಪೂಜಾಕ ಇಟ್ಟೀಯೇನ?"

"ಇಲ್ಲವಾ, ಮ್ಯಾಲ ತೂಗಬಿಟ್ಟ ನೆಲವಿನ್ಯಾಗ ಮಸರಿನ ಗಡಿಗಿ ಬಾಜೂಕ ಐತಿ. ಯಾಕ, ಏನಾತು?"

ಪ್ರಭು ಡಬ್ಬಿ ತಗೊಂಡು, ಹೂವಿನ ಮಾಲೆ ಸಮೇತ ಮೋಟರ್‌ಸೈಕಲ್ ಓಡಿಸಿಕೊಂಡು ಬಂದ. ಸುವರ್ಣಾ ನಕಲನ್ನು ಹಳೆಯ ಕಂಪ್ಯೂಟರಿಗೆ ಇಳಿಸಿ ಓ ನೆಗೆಟಿವ್ ಹುಡುಕಿದಳು. ಹನ್ನೊಂದು ಹೆಸರು ಸಿಕ್ಕವು. ಮಮದಾಪುರದ ಖಂಡೆಪ್ಪ ಪೂಜೆ ಬಿಟ್ಟು ಬಂದ, ಗೋಕಾಕ ಫಾಲ್ಸಿನ ಅರ್ಚನಾ ಹೋಳಿಗೆ ಹಂಚು ಇಳಿಸಿ ಬಂದಳು. ಪರೀಕ್ಷೆ ಮುಗಿಸಿ ಸಂಜೆಗೆ ಎರಡು ಬಾಟಲಿ ಮೂಡಲಗಿ ಮುಟ್ಟಿದವು. ಬಾಣಂತಿ ಉಳಿದಳು.

ಮರುದಿನ ಸುವರ್ಣಾ ಅವ್ವನಿಗೆ ಫೋನ್ ಮಾಡಿ ಕೇಳಿದಳು: "ಎಲ್ಲಾ ಪೂಜಾಕ ಇಟ್ಟಿ, ಅದೊಂದ ಯಾಕ ಬಿಟ್ಟಿದ್ದಿ ಯವ್ವಾ?"

"ನೀನ ಅಲ್ಲೇನ ಅದನ್ನ ಹೆಪ್ಪು ಅಂದಾಕಿ?" ಎಂದಳು ಹಣಮವ್ವ. "ಹೆಪ್ಪಿಗೆ ಯಾರರ ಕಾಯಿ ಒಡೀತಾರೇನ, ಹುಚ್ಚಿ!"