ಅಡುಗೆ ಮಾಡುವವಳ ಎತ್ತರ

ಚಳಿಗಾಲವೆಲ್ಲ ಮುಚ್ಚಿಟ್ಟಿದ್ದ ಕ್ಯಾರವಾನಿನ ಬಾಗಿಲು ತೆಗೆದರೆ ಮೊದಲು ಬರುವುದು ಒದ್ದೆ ಪ್ಲೈವುಡ್ಡಿನ ವಾಸನೆ. ಅದರ ಹಿಂದೆ ರಬ್ಬರು. ಅದರ ಹಿಂದೆ, ಸ್ವಲ್ಪ ತಡವಾಗಿ, ಹೋದ ಬೇಸಿಗೆಯ ಇಂಗು. ಕಾರಿನ ಹಿಂದೆ ಕಟ್ಟಿ ಎಳೆಯುವ ಈ ಚಕ್ರದ ಮನೆಯನ್ನು ಲಂಡನ್ನಿನ ಅಂಚಿನ ಹೇಸ್‌ನ ನಮ್ಮ ಬಾಡಿಗೆ ಮನೆಯ ಮುಂದೆ ನಿಲ್ಲಿಸುವಂತಿಲ್ಲ; ಅಲ್ಲಿ ಬರೀ ಕಾರಿಗೆ ಜಾಗ ಸಿಕ್ಕಿದರೂ ಅದು ಹಿಂದಿನ ಜನ್ಮದ ಪುಣ್ಯ. ಹಾಗಾಗಿ ಊರಾಚೆಯ ಒಂದು ಬಯಲಿನಲ್ಲಿ, ಅದರಂಥವೇ ಬಿಳಿ ಡಬ್ಬಿಗಳ ಸಾಲಿನಲ್ಲಿ ಬಾಡಿಗೆಗೆ ನಿಲ್ಲಿಸಿದ್ದೇವೆ. ಈ ಶನಿವಾರ ಬೆಳಿಗ್ಗೆ ಬಕೆಟ್ಟು ಬಟ್ಟೆ ಹಿಡಿದು ತೊಳೆಯಲು ಹೋದೆವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾಲ್ಕು ವರ್ಷದ ಹಳೆಯ ಸಿಟ್ಟು ನಿನ್ನೆ ಮೊನ್ನೆಯದೇನೋ ಎಂಬಂತೆ ಎದ್ದು ಕೂತಿತು. ಕೈ ತಾನಾಗಿ ಹಣೆ ಮುಟ್ಟಿಕೊಂಡಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಎತ್ತರದ ಹೆಂಗಸು. ನಮ್ಮವರಿಗಿಂತ, ಅಂದರೆ ನನ್ನ ಗಂಡನಿಗಿಂತ, ಒಂದು ಗೇಣು ಹೆಚ್ಚು. ಇದರಲ್ಲಿ ನನ್ನ ತಪ್ಪೂ ಇಲ್ಲ, ಸಾಧನೆಯೂ ಇಲ್ಲ. ಆದರೆ ಕುಂದಾಪುರದಲ್ಲಿ ನಾನು ಬೆಳೆಯುತ್ತಿದ್ದ ಕಾಲಕ್ಕೆ ಅದು ಬೀದಿಗೆಲ್ಲ ಚಿಂತೆಯಾಗಿತ್ತು. ಉದ್ದ ಇದ್ದವರಿಗೆ ಬುದ್ಧಿ ಮೊಣಕಾಲಲ್ಲಿ ಎನ್ನುವವರು ಕೆಲವರು, ಇವಳಿಗೆ ಗಂಡು ಎಲ್ಲಿಂದ ತರುತ್ತೀರಿ ಎನ್ನುವವರು ಉಳಿದವರು. ಹೆಣ್ಣು ನೋಡಲು ಬರುವ ದಿನ ಅಮ್ಮ ನನ್ನನ್ನು ಬೆಳಿಗ್ಗೆಯಿಂದಲೇ ತಯಾರು ಮಾಡುತ್ತಿದ್ದರು. “ಹೆಣೆ, ಅವ್ರ್ ಹೋಪು ತನ್ಕ ಏಳ್ಬೇಡ. ಕೂಕಂಡೇ ಇರ್.” ಕಾಫಿ ತಂದುಕೊಡುವ ಕೆಲಸ ನನ್ನ ತಂಗಿಗೆ. ಬಂದವರು, ಹುಡುಗಿಯ ಕಾಲಿಗೆ ಏನಾದರೂ ತೊಂದರೆಯೋ ಎಂದು ಪಿಸುಗುಟ್ಟಿ ವಿಚಾರಿಸಿ ಹೋದದ್ದೂ ಇದೆ.

ಮೈಸೂರಿನ ಈ ಹುಡುಗ ಮಾತ್ರ ನಾನು ಎದ್ದು ನಿಂತ ಮೇಲೂ ಒಪ್ಪಿದರು. ಆ ಒಂದು ಗುಣಕ್ಕೆ ಅವರಿಗೆ ಎಷ್ಟೋ ಮಾಫಿ ಮಾಡಿದ್ದೇನೆ. ಆದರೆ ಅವರ ಮನೆಯವರು ಬಿಡಬೇಕಲ್ಲ? ಮದುವೆಯ ದಿನ ಅವರ ಕಾಲ ಕೆಳಗೆ ಎರಡು ಮಣೆ ಒಂದರ ಮೇಲೊಂದು ಇಟ್ಟರು. ಅಂತರಪಟ ಸರಿಸಿದ ಮೇಲೂ ಪುರೋಹಿತರಿಗೆ ಸಮಾಧಾನವಿಲ್ಲ. “ತಲೆ ತಗ್ಗಿಸಮ್ಮ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎನ್ನುತ್ತಲೇ ಇದ್ದರು. ವರನಿಗೆ ತುದಿಗಾಲಲ್ಲಿ ನಿಲ್ಲಪ್ಪ ಎಂದು ಯಾರಾದರೂ ಹೇಳಿದರೇ? ಊಹೂಂ. ನಮ್ಮ ಮದುವೆಯ ಫೋಟೋಗಳಲ್ಲೆಲ್ಲ ನಾನು ನೆಲದಲ್ಲಿ ಏನೋ ಬೀಳಿಸಿಕೊಂಡು ಹುಡುಕುತ್ತಿರುವವಳ ಹಾಗೆ ಕಾಣುತ್ತೇನೆ.

ಇನ್ನು ಅಡುಗೆಮನೆ. ನಮ್ಮ ಕಡೆ ಮನೆ ಕಟ್ಟುವಾಗ ಅಡುಗೆ ಕಟ್ಟೆ ಎಷ್ಟು ಎತ್ತರ ಬೇಕು ಎಂದು ಮೇಸ್ತ್ರಿ ಯಾರನ್ನು ಕೇಳುತ್ತಾನೆ ಹೇಳಿ? ಮನೆ ಯಜಮಾನನನ್ನು. ಆ ಯಜಮಾನ ಆ ಕಟ್ಟೆಯ ಮುಂದೆ ನಿಲ್ಲುವುದು ಗೃಹಪ್ರವೇಶದ ದಿನ ಹಾಲು ಉಕ್ಕುವುದನ್ನು ನೋಡಲು, ಅದೊಂದೇ ಸಲ. ತವರಿನಲ್ಲೂ ಅತ್ತೆಮನೆಯಲ್ಲೂ ನಾನು ಬಗ್ಗಿಯೇ ಹೆಚ್ಚಿದೆ, ಬಗ್ಗಿಯೇ ಒಗ್ಗರಣೆ ಹಾಕಿದೆ. ಲಂಡನ್ನಿಗೆ ಬಂದರೆ ಬಿಳಿಯರ ದೇಶ, ಎಲ್ಲ ಉದ್ದವೇ ಇರುತ್ತದೆ ಎಂದುಕೊಂಡಿದ್ದೆ. ಹೇಸ್‌ನ ಸಾಲುಮನೆಗಳನ್ನು ಕಟ್ಟಿದ ಪುಣ್ಯಾತ್ಮರೂ ನಮ್ಮ ಮೇಸ್ತ್ರಿಯ ದಾಯಾದಿಗಳೇ ಎಂದು ಆಮೇಲೆ ತಿಳಿಯಿತು.

ಇರಲಿ, ಕ್ಯಾರವಾನಿಗೆ ಬರುತ್ತೇನೆ. ಆಫೀಸಿನಲ್ಲಿ ಯಾರೋ ಕೊಂಡರಂತೆ, ನಮ್ಮವರಿಗೂ ಹುಚ್ಚು ಹಿಡಿಯಿತು. ಅವರು ಕಂಪ್ಯೂಟರಿನ ಕೆಲಸದವರು. ಟೋಸ್ಟರು ಕೊಳ್ಳಬೇಕಾದರೂ ಒಂದು ತಿಂಗಳು ಓದುವ ಜಾತಿ. ಓದಿ ಓದಿ ಅವರು ಕಂಡುಕೊಂಡ ಸತ್ಯವೆಂದರೆ ಭಾರ. ಎಳೆಯುವ ಕಾರಿಗಿಂತ ಹಿಂದಿನ ಗಾಡಿ ಸಾಕಷ್ಟು ಹಗುರ ಇರಬೇಕು, ಇಲ್ಲದಿದ್ದರೆ ಮೋಟರ್‌ವೇಯಲ್ಲಿ ಗಾಳಿ ಬೀಸಿದಾಗ ಗಾಡಿ ವಾಲಾಡಿ ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಇದು ಸುಳ್ಳಲ್ಲ, ಒಪ್ಪುತ್ತೇನೆ. ನಾನೂ ಹೂಂ ಎಂದೆ. ರಜೆಗೆ ಹೋದಲ್ಲೆಲ್ಲ ಎರಡನೇ ದಿನಕ್ಕೇ ತಣ್ಣನೆಯ ಸ್ಯಾಂಡ್‌ವಿಚ್ಚು ಗಂಟಲಲ್ಲಿ ಇಳಿಯದೆ ಒದ್ದಾಡುವವಳು ನಾನು. ಸಮುದ್ರ ನೋಡುತ್ತಾ ಬಿಸಿ ಸಾರು ಕಲಸಿ ಉಣ್ಣಬೇಕು, ಅದನ್ನು ಮಾಡುವಾಗ ನೆಟ್ಟಗೆ ನಿಂತಿರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಅವರು ಬಚ್ಚಲುಮನೆಯ ತೂಕದ ಯಂತ್ರವನ್ನು ಹಾಲಿಗೆ ತಂದಿಟ್ಟರು. ಒಂದೊಂದೇ ಸಾಮಾನು ಎತ್ತಿಕೊಂಡು ಅದರ ಮೇಲೆ ಹತ್ತುವುದು, ತಮ್ಮ ಭಾರ ಕಳೆಯುವುದು. ಅಕ್ಕಿಮೂಟೆಯನ್ನು ಕೂಸಿನ ಹಾಗೆ ಎತ್ತಿಕೊಂಡು ನಿಂತಿದ್ದರು.

“ಈ ಗ್ರೈಂಡರ್ ಬೇಡ ಕಣೆ. ಕಲ್ಲು ಏನು ಭಾರ! ಈಸ್ಟ್ ಹ್ಯಾಮಿನ ನಮ್ಮೋರ ಅಂಗಡಿಯಿಂದ ರೆಡಿ ಹಿಟ್ಟು ತಂದ್ರಾಯ್ತು.”

“ಕುಕ್ಕರು?”

“ಚಿಕ್ಕದು ಸಾಕು. ದೊಡ್ಡದು ವೇಸ್ಟು.”

“ಮತ್ತೆ ನಿಮ್ಮ ಬಾರ್ಬೆಕ್ಯೂ, ದೂರದರ್ಶಕ, ಆ ಟೆಂಟು, ಕುರ್ಚಿ ನಾಲ್ಕು?”

“ಅದೆಲ್ಲ ಬೇಸಿಕ್ಕು ಕಣೆ!”

ನೋಡಿದಿರಾ? ಭಾರವೆಲ್ಲ ಅಡುಗೆಮನೆಯಲ್ಲೇ ಇತ್ತು. ಗಂಡಸರ ಸಾಮಾನುಗಳಿಗೆ ತೂಕವೇ ಇರುವುದಿಲ್ಲ.

ಆ ವಾರದ ಕೊನೆಗೆ ಹಳೆಯ ಕ್ಯಾರವಾನು ಮಾರುವ ಅಂಗಳಕ್ಕೆ ಹೋದೆವು, ನಾವಿಬ್ಬರು ಮತ್ತು ಆಗ ಹದಿಮೂರು ತುಂಬಿದ್ದ ಮಗಳು ಮೈತ್ರಿ. ಮಾರುವವನು ಕೈ ಕುಲುಕಿದ್ದು ನಮ್ಮವರಿಗೆ, ಮಾತಾಡಿದ್ದು ನಮ್ಮವರ ಹತ್ತಿರ, ನನಗೆ ತೋರಿಸಿದ್ದು ಪರದೆಯ ಬಟ್ಟೆ. ನಮ್ಮವರು ಆಗಲೇ ಒಂದು ಹಗುರದ ಗಾಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. “ಪ್ಲೆಂಟಿ ಆಫ್ ಹೆಡ್‌ರೂಮ್, ಸರ್” ಎಂದ ಅವನು. ಇವರು ಒಳಗೆ ಹೋಗಿ, ಸೂರಿನಲ್ಲಿ ಗಾಜಿನ ಕಿಂಡಿ ಇರುವ ನಟ್ಟನಡುವೆ ನಿಂತು, ಕೈ ಮೇಲೆತ್ತಿ, “ನೋಡು, ಇನ್ನೂ ಎಷ್ಟು ಜಾಗ ಇದೆ!” ಎಂದರು. ಸೂರಿನ ಎತ್ತರ ಅಳೆಯಲು ಮನೆಯ ಗಿಡ್ಡ ಮನುಷ್ಯನನ್ನು ಅತಿ ಎತ್ತರದ ಜಾಗದಲ್ಲಿ ನಿಲ್ಲಿಸುವುದು ಯಾವ ಊರಿನ ಲೆಕ್ಕವೋ ನನಗೆ ತಿಳಿಯದು.

ಒಲೆ ಇದ್ದದ್ದು ನಡುವೆ ಅಲ್ಲ, ಸೂರು ಬಾಗಿ ಇಳಿಯುವ ಪಕ್ಕದಲ್ಲಿ. ನಾನು ಹೋಗಿ ಅದರ ಮುಂದೆ ನಿಂತೆ. ಇಲ್ಲದ ಕಾವಲಿಗೆ ಹಿಟ್ಟು ಹುಯ್ದೆ, ಸುತ್ತಿದೆ, ಮಗುಚಲು ಮುಂದೆ ಬಾಗಿದೆ. ಠಣ್ಣನೆ ಮೇಲಿನ ಕಪಾಟಿನ ಮೂಲೆ ಹಣೆಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು.

ಮಾರುವವನು ನಕ್ಕ. “ಮೋಸ್ಟ್ ಪೀಪಲ್ ಜಸ್ಟ್ ಬಾಯಿಲ್ ದ ಕೆಟಲ್, ಲವ್.”

ಬಹಳ ಜನ ಬರೀ ಚಹಾ ಕಾಯಿಸುತ್ತಾರಂತೆ! ಆ ಬಹಳ ಜನ ಏನು ತಿಂದು ಬದುಕುತ್ತಾರೆ ಎಂದು ಕೇಳುವುದರೊಳಗೆ ನಮ್ಮವರು, “ಸ್ವಲ್ಪ ಬಗ್ಗಿದ್ರೆ ಆಯ್ತಲ್ಲ, ಅದ್ರಲ್ಲೇನಿದೆ?” ಎಂದರು. ಪುರೋಹಿತರೇ ಬಂದು ನಿಂತಂತಾಯಿತು.

ಪಕ್ಕದಲ್ಲೇ ಇನ್ನೊಂದಿತ್ತು, ಎತ್ತರದ್ದು. ಅದರ ಒಲೆಯ ಮುಂದೆ ನಾನು ನಿಂತೆ. ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ, ಎದುರಿನ ಕಿಟಕಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ. ನಗಬೇಡಿ, ನಲವತ್ತು ದಾಟಿದ ಮೇಲೆ ಮೊದಲ ಸಲ ಒಂದು ಅಡುಗೆಮನೆ ನನ್ನ ಅಳತೆಗೆ ಸಿಕ್ಕಿತ್ತು. ಅಷ್ಟರಲ್ಲಿ ನಮ್ಮವರು ಬಾಗಿಲ ಬಳಿಯ ತಗಡಿನಲ್ಲಿ ಬರೆದಿದ್ದ ಭಾರ ಓದಿ ಮುಖ ಸಪ್ಪೆ ಮಾಡಿಕೊಂಡರು. ಕಾರು ಎಳೆಯುತ್ತದೆ, ಆದರೆ ಅದರ ಮಿತಿಯ ಅಂಚಿಗೆ ಬರುತ್ತದೆ; ಒಳಗೆ ಹೆಚ್ಚೇನೂ ತುಂಬುವಂತಿಲ್ಲ. ಅಲ್ಲಿಂದ ಶುರುವಾಯಿತು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ. ಅವರು ಭಾರ ಎನ್ನುವುದು, ನಾನು ಎತ್ತರ ಎನ್ನುವುದು. ಕೊನೆಗೆ, “ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ದೊಡ್ಡೋರು ಸುಮ್ನೆ ಹೇಳಿದಾರಾ?” ಎಂದರು. ಆ ಗಾದೆ ಮಾಡಿದವನು ನನಗೆ ಸಿಗಬೇಕು. ಹಾಸಿಗೆ ಹೊಲಿಯುವಾಗ ಮಲಗುವವರ ಕಾಲು ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಆದರೂ ಸೋಲುತ್ತಿದ್ದೆ. ಅವರ ಮಾತಿನಲ್ಲಿ ಜೀವದ ಭಯವಿತ್ತು, ನನ್ನ ಮಾತಿನಲ್ಲಿ ಬರೀ ಕುತ್ತಿಗೆ. ಮತ್ತೆ ಹಗುರದ ಗಾಡಿಯೊಳಗೆ ಹೋಗಿ ಕೂತೆವು. ಹೋಗಲಿ ಬಿಡಿ, ಇದೇ ಇರಲಿ ಎಂಬ ಮಾತು ನನ್ನ ನಾಲಗೆ ತುದಿಗೆ ಬಂದಿತ್ತು.

ಆಗ ಮೈತ್ರಿ ಒಳಗೆ ಬಂದಳು. ಆ ವಯಸ್ಸಿಗೇ ಅಪ್ಪನ ಎತ್ತರ. ಬಾಗಿಲಲ್ಲಿ ತಲೆ ತಗ್ಗಿಸಿದಳು, ಸರಿ. ಆದರೆ ಒಳಗೆ ಬಂದ ಮೇಲೂ ಎತ್ತಲಿಲ್ಲ. ಹೆಗಲು ಮುಂದಕ್ಕೆ ಮಡಚಿ, ಕತ್ತು ಇಳಿಸಿ, ಸೂರಿನ ಕಡೆ ಒಮ್ಮೆಯೂ ನೋಡದೆ ನಡೆದು ಹೋಗಿ ಮೂಲೆಯಲ್ಲಿ ಕೂತಳು. ನಮ್ಮವರು ಕೈ ಎತ್ತಿ ತೋರಿಸಿದ್ದರಲ್ಲ, ಆ ನಡುವಿನ ಜಾಗದಲ್ಲೂ ಹಾಗೆಯೇ ನಡೆದಳು.

“ಅಲ್ಲಿ ನೆಟ್ಟಗೆ ನಿಲ್ಬಹುದಲ್ಲ ಮಗಾ?” ಎಂದೆ.

“ಇಟ್ಸ್ ಫೈನ್, ಅಮ್ಮಾ. ಐ ಡೂ ದಿಸ್ ಎನಿವೇ.”

“ಎಲ್ಲಿ?”

“ಎವ್ರಿವೇರ್.” ಅವಳು ಫೋನಿನಿಂದ ಕಣ್ಣು ಎತ್ತದೆ ಹೇಳಿದಳು. ಸ್ಕೂಲಿನ ಫೋಟೋದಲ್ಲಿ ಮಂಡಿ ಮಡಚಿ ನಿಲ್ಲುತ್ತಾಳಂತೆ. ಗೆಳತಿಯರ ಜೊತೆ ನಡೆಯುವಾಗ ಫುಟ್‌ಪಾತಿನಿಂದ ಕೆಳಗೆ ರಸ್ತೆಯ ಅಂಚಿನಲ್ಲಿ ನಡೆಯುತ್ತಾಳಂತೆ, ಸಮ ಆಗಲಿ ಎಂದು.

“ಯಾರೇ ಹೇಳಿಕೊಟ್ಟಿದ್ದು ನಿಂಗೆ?”

“ನೋಬಡಿ.”

ಯಾರೂ ಹೇಳಿಕೊಟ್ಟಿರಲಿಲ್ಲ! ಅಮ್ಮ ಇಲ್ಲ, ಪುರೋಹಿತರಿಲ್ಲ, ಮಣೆ ಇಲ್ಲ, ಹೆಣ್ಣು ನೋಡಲು ಬರುವವರಿಲ್ಲ. ಏಳು ಸಮುದ್ರದಾಚೆ, ಯಾವ ಕಾಟವೂ ಇಲ್ಲದ ಊರಿನಲ್ಲಿ, ನನ್ನ ಮಗಳು ತಾನಾಗಿಯೇ ಗಿಡ್ಡವಾಗುವುದನ್ನು ಕಲಿತಿದ್ದಳು. ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಯಾರ ಮೇಲೆ ಎಂದು ಕೇಳಬೇಡಿ, ಎಲ್ಲರ ಮೇಲೂ. ಎದ್ದು ನಿಂತು, ಮತ್ತೆ ಅದೇ ಕಪಾಟಿಗೆ ಅದೇ ಹಣೆ ಬಡಿಸಿಕೊಂಡು, ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದೆ.

“ಹ್ವಾಯ್! ಇದ್ ಬ್ಯಾಡ. ತಲಿ ಬಗ್ಸುಕೆ ದುಡ್ಡ್ ಕೊಡುದಾ ನಾವ್?”

ನಾನು ಕುಂದಾಪುರದ ಮಾತಿಗೆ ಇಳಿದರೆ ಚರ್ಚೆ ಮುಗಿಯಿತು ಎಂದು ಮೈಸೂರಿನವರಿಗೆ ಗೊತ್ತು. ಅವರು ಮಗಳನ್ನು ನೋಡಿದರು, ನನ್ನ ಹಣೆ ನೋಡಿದರು. ಆಮೇಲೆ ಎತ್ತರದ ಗಾಡಿಯ ಕಡೆ ನಡೆದರು.

ಭಾರ ಇಳಿಸಲೇಬೇಕಿತ್ತು, ಇಳಿಸಿದೆವು. ಬಾರ್ಬೆಕ್ಯೂ ಹೋಯಿತು, ಟೆಂಟು ಹೋಯಿತು, ಕುರ್ಚಿ ಎರಡಕ್ಕೆ ಇಳಿಯಿತು. ನನ್ನ ಗ್ರೈಂಡರೂ ಮನೆಯಲ್ಲೇ ಉಳಿಯಿತು. ಹಿಟ್ಟು ರುಬ್ಬಿ ಒಯ್ಯುತ್ತೇನೆ. ಮೋಟರ್‌ವೇಯಲ್ಲಿ ನಾವು ಎಡಗಡೆಯ ಸಾಲು ಬಿಟ್ಟು ಕದಲುವುದಿಲ್ಲ, ಲಾರಿಗಳೂ ನಮ್ಮನ್ನು ಹಿಂದೆ ಹಾಕುತ್ತವೆ. ಮೇಲಿನ ಕಪಾಟಿನಿಂದ ತಟ್ಟೆ ತೆಗೆಯಲು ನಮ್ಮವರಿಗೆ ಕೈ ಎಟುಕದೆ ಒಂದು ಸ್ಟೂಲು ಸೇರಿಕೊಂಡಿದೆ. ಅದರ ಭಾರವನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ, ನಾನೂ ಕೆದಕಿಲ್ಲ.

ಆದರೆ ಸೂರು ಎತ್ತರವಾದರೆ ಕುತ್ತಿಗೆ ತಾನಾಗಿ ನೆಟ್ಟಗಾಗುತ್ತದೆ ಎಂದು ನಾನು ನಂಬಿದ್ದೆನಲ್ಲ, ಅದು ಸುಳ್ಳಾಯಿತು. ಮೊದಲ ಬೇಸಿಗೆ, ಎರಡನೆಯದು, ಮೂರನೆಯದು, ನಾಲ್ಕನೆಯದು, ಮೈತ್ರಿ ಆ ಎತ್ತರದ ಗಾಡಿಯಲ್ಲೂ ಮಡಚಿಕೊಂಡೇ ಓಡಾಡಿದಳು. ನೆಟ್ಟಗೆ ನಿಲ್ಲು ಎಂದು ನಾನು ಹೇಳಲಿಲ್ಲ. ಹೇಗೆ ನಿಲ್ಲಬೇಕು ಎಂದು ಹೇಳಿಸಿಕೊಂಡು ನನಗೇ ಸಾಕಾಗಿತ್ತು. ದೋಸೆ ಹುಯ್ಯುತ್ತಾ, ಓರೆಗಣ್ಣಿನಲ್ಲಿ ನೋಡುತ್ತಾ, ಒಳಗೊಳಗೇ ಕುದಿಯುತ್ತಿದ್ದೆ.

ಈ ಶನಿವಾರ ಅವಳೂ ನಮ್ಮ ಜೊತೆ ಬಂದಿದ್ದಳು. ಈಗ ಹದಿನೇಳು, ನನ್ನನ್ನೂ ಮೀರಿದ್ದಾಳೆ. ನಾನು ಒಳಗೆ ಕಪಾಟು ಒರೆಸುತ್ತಿದ್ದೆ, ಅವಳು ಹೊರಗಿನಿಂದ ನೀರಿನ ಬಕೆಟ್ಟು ತರುತ್ತಿದ್ದಳು. ಇದ್ದಕ್ಕಿದ್ದಂತೆ ಗಾಡಿಯೇ ಅದುರುವ ಹಾಗೆ ಸದ್ದಾಯಿತು, ಬಕೆಟ್ಟು ಉರುಳಿತು. ಒಳಗೆ ಸೂರು ಎಷ್ಟೇ ಎತ್ತರವಿದ್ದರೂ ಈ ಗಾಡಿಗಳ ಬಾಗಿಲು ಮಾತ್ರ ಗಿಡ್ಡವೇ. ನಾಲ್ಕು ವರ್ಷದಲ್ಲಿ ಅವಳ ತಲೆ ಅದಕ್ಕೆ ಒಮ್ಮೆಯೂ ತಾಗಿರಲಿಲ್ಲ. ತಾಗುವಷ್ಟು ನೆಟ್ಟಗೆ ಅವಳು ಎಂದೂ ನಡೆದು ಬಂದಿರಲಿಲ್ಲ.

ನಮ್ಮವರು ಓಡಿ ಬಂದರು. “ಅಯ್ಯೋ, ಬಗ್ಗಿ ಬರಬಾರ್ದಾ ಪುಟ್ಟಿ?”

ಅವಳು ಹಣೆ ಉಜ್ಜಿಕೊಳ್ಳುತ್ತಾ ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿಯ ಬಾಯಲ್ಲಿ ಸಿಟ್ಟು ನಮ್ಮ ಭಾಷೆಯಲ್ಲೇ ಬಂತು.

“ನಾನ್ಯಾಕೆ ಬಗ್ಬೇಕು? ಯಾರ ಅಳತೆಗೆ ಮಾಡಿದ್ದಾರೆ ಈ ದರಿದ್ರ ಬಾಗಿಲನ್ನ?”

ಹೆತ್ತವಳು ಹೇಳಬಾರದ ಮಾತು, ಆದರೂ ಹೇಳುತ್ತೇನೆ. ಹಣೆ ಕೆಂಪಾಗಿ ಊದುತ್ತಿದ್ದ ಮಗಳನ್ನು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.