ಹೊಸ್ತಿಲೊಳಗೆ ಬಿದ್ದ ಹುಣಸೆ ಬೀಜ

ಮೊನ್ನೆ ಮೈಸೂರಿನ ನಮ್ಮ ರಸ್ತೆಯಲ್ಲಿ ಇಬ್ಬರು ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದರು. ಬಕೆಟ್ಟಿನಲ್ಲಿ ಮೈದಾ ಅಂಟು, ಇನ್ನೂ ಹಬೆಯಾಡುತ್ತಿತ್ತು. ಆ ಬೆಂದ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬನ್ನೂರಿನ ಹತ್ತಿರದ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂದು ನಿಂತಿತು. ಮದುವೆಮನೆಗಳಲ್ಲಿ ಸಿಗುವ ನಮ್ಮ ನೆಂಟರು "ಎಂಥಾ ಮನೆ ಕಣೇ ಅದು!" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಸುಮ್ಮನೆ ಎಲೆಯ ಮೇಲಿನ ಅನ್ನ ಕಲಸುತ್ತೇನೆ. ನನಗೆ ಆ ಮನೆಯ ಮೇಲಿರುವುದು ಸಿಟ್ಟು. ನೀವೂ ಬಾಲ್ಯದ ಮನೆಯೊಂದನ್ನು ಕಳೆದುಕೊಂಡವರಾದರೆ, ಜೊತೆಗೆ ಕೂತು ಅಳಲು ನನ್ನನ್ನು ಕರೆಯಬೇಡಿ. ಬೈಯುವುದಕ್ಕಾದರೆ ಬರುತ್ತೇನೆ.

ಆ ಮನೆಯಲ್ಲಿ ಅಂಥ ಅಂಟು ಕುದಿಸುತ್ತಿದ್ದವಳು ಜಯತ್ತೆ, ಅಪ್ಪನ ತಂಗಿ. ನಂಜನಗೂಡಿಗೆ ಮದುವೆಯಾಗಿ ಹೋದವಳು ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಬೆಳಗಿನಿಂದ ಕೊಟ್ಟಿಗೆ, ಒಲೆ, ಒರಳು ಎಂದು ಅವಳನ್ನು ಹಿಂಡಿ ಹಾಕುತ್ತಿದ್ದ ಮನೆಯವರು ಸಂಜೆಯ ಒಂದೂವರೆ ಗಂಟೆ ಮಾತ್ರ ಬಿಟ್ಟುಕೊಟ್ಟಿದ್ದರು. ಆಗ ಅವಳು ಜಗಲಿಯಲ್ಲಿ ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಗ್ಗಿ ಎಂದರೆ ಮಕ್ಕಳು ಎದ್ದು ಓಡುತ್ತಿದ್ದವು. ಪೇಟೆಯಿಂದ ಆಟದ ಡಬ್ಬ ತರುವಂಥ ಮನೆ ನಮ್ಮೂರಲ್ಲಿ ಒಂದೂ ಇರಲಿಲ್ಲ, ಹಾಗಾಗಿ ಆಟಗಳನ್ನು ಅವಳೇ ಮಾಡಿದಳು. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಒಂದರ ಬೆನ್ನಿಗೊಂದು ಅಂಟಿಸಿ, ಹೊರೆ ಹೇರಿ ಒಣಗಿಸಿದರೆ ರಟ್ಟಿನಷ್ಟು ಗಟ್ಟಿ. ಅದರ ಮೇಲೆ ಹಾವು ಏಣಿ. ಹಾವಿಗೆ ಒಲೆಯ ಮಸಿ, ಏಣಿಗೆ ಅರಿಶಿನ. ಹಾವಿನ ಬಾಯಿಗೆ ಬಿದ್ದವರು ಏಳರ ಮಗ್ಗಿ ಒಪ್ಪಿಸಿದರೆ ಬಚಾವು. ಲಗ್ನಪತ್ರಿಕೆಗಳ ಬೆನ್ನಲ್ಲಿ ಅಕ್ಷರ ಬರೆದು ಕತ್ತರಿಸಿದರೆ ಪದ ಕಟ್ಟುವ ಆಟ. ಒಡೆದ ಬಳೆಯ ಚೂರುಗಳೇ ಕಾಯಿ. ಕೆಂಪು ಚೂರಿಗಾಗಿ ನಾವು ಮೈ ಪರಚಿಕೊಂಡು ಜಗಳವಾಡುತ್ತಿದ್ದೆವು.

ದಾಳ ಮಾತ್ರ ಇರಲಿಲ್ಲ. ಅದು ಅಜ್ಜಿಯ ಕಟ್ಟಪ್ಪಣೆ. ನಮ್ಮ ಕಡೆ ಚೌಕಾಬಾರ ಆಡುವುದು ಹುಣಸೆ ಬೀಜದಲ್ಲಿ, ಅದೇ ನಮ್ಮ ದಾಳ. ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿ, ನಾಲ್ಕು ಬೀಜ ಎಸೆದು ಎಣಿಸುತ್ತೇವೆ. ಜಗಲಿಯಲ್ಲಿ ಎಷ್ಟು ಬೇಕಾದರೂ ಆಡಿ, ಹೊಸ್ತಿಲು ದಾಟಿ ಒಳಗೆ ಕೂಡದು. "ವಸ್ಲಿಂದೊಳಕ್ಕೆ ದಾಳ ಉಳ್ಳುಸ್ಬಾರ್ದು ಕಣ್ರಲಾ, ಮನೆ ಒಡ್ದೋಯ್ತದೆ" ಎನ್ನುತ್ತಿದ್ದಳು ಅಜ್ಜಿ. ಜಯತ್ತೆ ವಾದಕ್ಕೆ ಹೋಗಲಿಲ್ಲ. ಮಳೆ ಬಂದು ಒಳಗೆ ಕೂರಬೇಕಾದಾಗಲೂ ಆಟ ನಿಲ್ಲದಿರಲೆಂದು, ಬೆಂಕಿಪೊಟ್ಟಣದಲ್ಲಿ ಒಂದರಿಂದ ಆರರವರೆಗೆ ಬರೆದ ಚೀಟಿ ಹಾಕಿ, ಕುಲುಕಿ ಒಂದನ್ನು ಎತ್ತುವ ಹಾಗೆ ಮಾಡಿದಳು. "ನೋಡವ್ವ, ಇದ್ರಲ್ಲಿ ಉಳ್ಳೋದು ಏನೂ ಇಲ್ಲ" ಎಂದು ಅಜ್ಜಿಯ ಕಿವಿಯ ಹತ್ತಿರ ಪೊಟ್ಟಣ ಕುಲುಕಿದಾಗ ಅಜ್ಜಿಗೂ ನಗು ಬಂದಿತ್ತು.

ನನಗೆ ಹತ್ತು ವರ್ಷವಾದಾಗಿನ ಸುಗ್ಗಿಯಲ್ಲಿ ಜಗಲಿಯ ತುಂಬ ಭತ್ತದ ಮೂಟೆ ಬಿದ್ದು, ಪಾಠ ಒಳಗಿನ ಹಜಾರಕ್ಕೆ ಬಂತು. ನನಗೆ ಚೀಟಿ ಎತ್ತಿ ಎತ್ತಿ ಬೇಜಾರು ಹಿಡಿದಿತ್ತು. ಜಯತ್ತೆ ಅಡಿಗೆಮನೆಯಲ್ಲಿ ಅಂಟು ತಿರುವುತ್ತಿದ್ದಾಗ, ಜಗಲಿಯ ಅಂಚಿಗೆ ನಾನೇ ಅವಸರದಲ್ಲಿ ತೇಯ್ದುಕೊಂಡಿದ್ದ ನಾಲ್ಕು ಬೀಜಗಳನ್ನು ಲಂಗದ ಮಡಿಲಿನಿಂದ ತೆಗೆದು ಎಸೆದೆ. ಒಂದು ಉರುಳಿ, ಭತ್ತ ತುಂಬಿಡುವ ಮಣ್ಣಿನ ವಾಡೆಯ ಅಡಿ ಸೇರಿತು. ಕೈ ಹಾಕಿದೆ, ಸಿಗಲಿಲ್ಲ. ಉಳಿದ ಮೂರನ್ನು ಬಾಚಿಕೊಂಡು ಬಾಯಿ ಮುಚ್ಚಿಕೊಂಡೆ.

ಅಪ್ಪ, ದೊಡ್ಡಪ್ಪನ ಜಗಳ ಆ ಬೀಜಕ್ಕಿಂತ ಎಷ್ಟೋ ಹಳೆಯದು. ನಾಲೆಯ ನೀರು ಯಾರ ಗದ್ದೆಗೆ ಮೊದಲು ಎಂಬುದಕ್ಕೆ ಇಬ್ಬರೂ ಗುದ್ದಲಿ ಎತ್ತಿದ್ದನ್ನು ಊರೇ ನೋಡಿತ್ತು. ಆ ಬೇಸಿಗೆಯಲ್ಲಿ ಪಾಲಾಯಿತು. ಮನೆಯ ಸಾಮಾನು ಬೇರೆ ಮಾಡುವ ದಿನ ವಾಡೆ ಸರಿಸಿದಾಗ, ದೂಳಿನಲ್ಲಿ ಬಿದ್ದಿದ್ದ ಬೀಜ ಅಜ್ಜಿಯ ಕಣ್ಣಿಗೆ ಬಿತ್ತು.

"ಯಾವಳ್ಲಾ ಇದ್ನ ಒಳಕ್ಕೆ ತಂದೋಳು?"

ಎಲ್ಲರೂ ಜಯತ್ತೆಯ ಕಡೆ ತಿರುಗಿದರು. ಅವಳು ಅಜ್ಜಿಯ ಕೈಯಿಂದ ಬೀಜ ತೆಗೆದುಕೊಂಡು ಹೊರಳಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಕಂಬ ತಬ್ಬಿಕೊಂಡು ನೆಲ ನೋಡಿದೆ. ಬಹಳ ಹೊತ್ತಾದ ಮೇಲೆ ಅವಳು, "ನಾನೇ ಕಣವ್ವ" ಎಂದಳು.

ತಿಂಗಳಿಂದ ಮುಖ ನೋಡದಿದ್ದ ಅಣ್ಣತಮ್ಮಂದಿರು ಆ ಒಂದು ವಿಷಯಕ್ಕೆ ಒಂದಾದರು. "ಗಂಡನ ಮನೇನೂ ತೊಳುದ್ಲು, ತವರ್ನೂ ಒಡುದ್ಲು" ಎಂದ ದೊಡ್ಡಪ್ಪ. ಅಪ್ಪ ತಲೆಯಾಡಿಸಿದ. ಅವನ ತಲೆಯಾಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹಾವು, ಏಣಿ, ಅಕ್ಷರ ಎಲ್ಲವೂ ಬಚ್ಚಲಿನ ಹಂಡೆಯ ಒಲೆಗೆ ಹೋದವು. ಮಾರನೆಯ ಬೆಳಿಗ್ಗೆ ಜಯತ್ತೆಯನ್ನು ನಂಜನಗೂಡಿನ ನಾದಿನಿಯ ಮನೆಗೆ ಅಟ್ಟಿದರು. ಸಂಜೆ ಬಂದ ಮಕ್ಕಳನ್ನು ಅಜ್ಜಿ ಬಾಗಿಲಲ್ಲೇ ಗದರಿಸಿ ಕಳಿಸಿದಳು. ಮನೆಯ ನಡುವೆ ಗೋಡೆ ಎದ್ದಿತು, ಕೆಲವು ವರ್ಷಗಳಲ್ಲಿ ಎರಡು ಪಾಲೂ ಕೆಡವಲ್ಪಟ್ಟವು.

ಕಾಲೇಜು ಸೇರಿದ ಮೇಲೆ ಒಂದು ಭಾನುವಾರ ನಂಜನಗೂಡಿಗೆ ಹೋದೆ. ಜಯತ್ತೆ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಅಡಿಗೆಗಿದ್ದಳು. ಹಿಂದಿನ ಕೋಣೆಯಲ್ಲಿ ಆರೇಳು ಹುಡುಗಿಯರು ಕ್ಯಾಲೆಂಡರ್ ಹಾಳೆಯ ಹಾವು ಏಣಿಯ ಸುತ್ತ ಕೂತಿದ್ದರು. ಅದೇ ಮಸಿ, ಅದೇ ಅರಿಶಿನ. ಬೆಂಕಿಪೊಟ್ಟಣದ ಚೀಟಿ ಮಾತ್ರ ಇರಲಿಲ್ಲ. ನೆಲದ ಮೇಲೆ ಹುಣಸೆ ಬೀಜ ಉರುಳುತ್ತಿತ್ತು, ಕೋಣೆಯ ಒಳಗೇ.

"ಅತ್ತೆ, ಅವತ್ತು ಆ ಬೀಜ ತಂದಿದ್ದು ನಾನು" ಎಂದೆ. ಎಂಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು.

ಅವಳು ಸೌಟು ತೊಳೆಯುತ್ತಲೇ ಇದ್ದಳು. "ಗೊತ್ತು ಕಣವ್ವ. ನೀನು ಯಾವತ್ತೂ ಬೀಜ ನೆಟ್ಗೆ ತೇಯ್ದೋಳಲ್ಲ, ಅರ್ಧಕ್ಕೇ ಬುಡ್ತಿದ್ದೆ."

"ಮತ್ಯಾಕೆ ನಾನೇ ಅಂತ ಒಪ್ಕೊಂಡೆ?"

"ನೀನು ಅಂದೀಯೇನೋ ಅಂತ ಕಾದೆ. ನೀನು ಅನ್ನಲಿಲ್ಲ." ಸೌಟನ್ನು ಬೋರಲು ಹಾಕಿದಳು. "ಊಟ ಮಾಡ್ಕೊಂಡೋಗು, ಬಿಸಿ ಆರೋಯ್ತದೆ."

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ತಟ್ಟೆ ತುಂಬ ಬಡಿಸಿದಳು, ನಾನು ತಲೆ ತಗ್ಗಿಸಿ ಉಂಡೆ.

ಈಗ ಅವಳೂ ಇಲ್ಲ. ಅಜ್ಜಿ, ಅಪ್ಪ, ದೊಡ್ಡಪ್ಪ ಒಬ್ಬೊಬ್ಬರಾಗಿ ಹೋದರು. ಪೋಸ್ಟರಿನವರು ಬಕೆಟ್ ಎತ್ತಿಕೊಂಡು ಹೋದ ಮೇಲೂ ಆ ವಾಸನೆ ಗೋಡೆಯ ಬಳಿ ನಿಂತಿತ್ತು, ನಾನೂ ನಿಂತಿದ್ದೆ. ಇಷ್ಟು ಸಿಟ್ಟಿಟ್ಟುಕೊಂಡು ಬೈಯೋಣವೆಂದರೆ ಆ ಮನೆಯವರಲ್ಲಿ ಯಾರೂ ಉಳಿದಿಲ್ಲ. ಕಂಬ ತಬ್ಬಿಕೊಂಡು ನೆಲ ನೋಡುತ್ತಿರುವ ಆ ಹತ್ತು ವರ್ಷದ ಹುಡುಗಿ ಒಬ್ಬಳೇ ಉಳಿದಿದ್ದಾಳೆ.